ಅಕ್ಷರ ಕೊರೆಯುವ ಪ್ಯಾಕೇಜನ್ನು ಅಳಿಸಿದ ಮೇಲೆ

ನಾನು ಅಳಿಸಿದ ಪ್ಯಾಕೇಜುಗಳಲ್ಲಿ ಅದು ನೂರಾ ನಲವತ್ತಮೂರನೆಯದು. ನನ್ನ ನೋಟ್‌ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಮೂರು ಟಿಪ್ಪಣಿಗಳಿವೆ: ನೋಡಿಕೊಳ್ಳುವವರಿಲ್ಲ, ಕಟ್ಟಲು ಬರುವುದಿಲ್ಲ, ಬಳಸುವವರಿಲ್ಲ. ಮೂರೂ ನನ್ನ ಕೈಬರಹವೇ. ಮೂರನೆಯದು ತಪ್ಪಾಗಿತ್ತು.

ನಮ್ಮದು ಸ್ವಯಂಸೇವಕರು ನಡೆಸುವ ತಂತ್ರಾಂಶ ಭಂಡಾರ. ಹಳೆಯ ಕಂಪ್ಯೂಟರುಗಳಲ್ಲೂ ಹಗುರವಾಗಿ ಓಡುವ, ತೆರೆದ ಕೂಡಲೇ ಕನ್ನಡ ತೋರಿಸುವ ಒಂದು ವ್ಯವಸ್ಥೆಯನ್ನು ಕೆಲವರು ಸೇರಿ ಕಟ್ಟಿದ್ದಾರೆ. ಅದರ ಮೇಲೆ ಓಡುವ ಒಂದೊಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಾಮಗ್ರಿಯ ಪಟ್ಟಿಯ ಸಮೇತ ಗಂಟು ಕಟ್ಟಿ ಭಂಡಾರದಲ್ಲಿ ಇಡುತ್ತೇವೆ. ಆ ಗಂಟಿಗೆ ಪ್ಯಾಕೇಜು ಎನ್ನುತ್ತಾರೆ. ಬೇಕಾದವರು ಇಳಿಸಿಕೊಳ್ಳಬಹುದು. ಯಾರಿಗೂ ಸಂಬಳವಿಲ್ಲ. ದೂರವಾಣಿ ವಿನಿಮಯ ಕೇಂದ್ರದ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಇದಕ್ಕೆ ಸೇರಿದೆ. ರಾಮನಗರದ ನನ್ನ ಮನೆಯಲ್ಲಿ ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಈ ಕೆಲಸ. ಎಂಟೂವರೆಗೆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ ಏಳುತ್ತೇನೆ.

ಭಂಡಾರದಲ್ಲಿ ವರ್ಷಗಳಿಂದ ಯಾರೂ ಮುಟ್ಟದ ಗಂಟುಗಳು ತುಂಬಿದ್ದವು. ಅವುಗಳಲ್ಲಿ ಬಹುಪಾಲು ಪೈಥಾನ್ ಭಾಷೆಯ ಎರಡನೇ ಸರಣಿಯಲ್ಲಿ ಬರೆದವು. ಆ ಸರಣಿಯನ್ನು ಅದನ್ನು ಮಾಡಿದವರೇ ಕೈಬಿಟ್ಟಿದ್ದರು. ಅದರಲ್ಲಿ ತೂತು ಕಂಡರೂ ಮುಚ್ಚುವವರಿರಲಿಲ್ಲ. ಅದನ್ನು ಭಂಡಾರದಿಂದ ತೆಗೆಯಬೇಕಾದರೆ ಅದರ ಮೇಲೆ ನಿಂತ ಎಲ್ಲವನ್ನೂ ಮೊದಲು ತೆಗೆಯಬೇಕು, ಇಲ್ಲವೇ ಮೂರನೇ ಸರಣಿಗೆ ಬದಲಾಯಿಸಬೇಕು. ಹೊಸ ಬಿಡುಗಡೆಗೆ ಮುಂಚೆ ಈ ಕೆಲಸ ಯಾರಾದರೂ ಮಾಡಲೇಬೇಕಿತ್ತು. ನಾನು ಒಪ್ಪಿಕೊಂಡೆ.

ಕ್ರಮವನ್ನು ಮೊದಲೇ ಬರೆದಿಟ್ಟೆ. ಪ್ಯಾಕೇಜಿಗೆ ನೋಡಿಕೊಳ್ಳುವವರು ಇದ್ದಾರೆಯೇ? ಇದ್ದರೆ ಅವರಿಗೆ ಪತ್ರ. ಇಲ್ಲದಿದ್ದರೆ, ಹೊಸ ವ್ಯವಸ್ಥೆಯ ಮೇಲೆ ಕಟ್ಟಲು ಬರುತ್ತದೆಯೇ? ಬಾರದಿದ್ದರೆ, ಕಳೆದ ಎರಡು ವರ್ಷದಲ್ಲಿ ಯಾರಾದರೂ ಇಳಿಸಿಕೊಂಡಿದ್ದಾರೆಯೇ? ಯಾರೂ ಇಲ್ಲವೆಂದರೆ ನಮ್ಮ ಇಮೇಲ್ ಚರ್ಚಾ ಪಟ್ಟಿಗೆ ಪತ್ರ ಹಾಕಿ ಮೂವತ್ತು ದಿನ ಕಾಯುವುದು. ಉತ್ತರ ಬಾರದಿದ್ದರೆ ತೆಗೆಯುವುದು. ದಿನಕ್ಕೆ ನಾಲ್ಕು, ಐದಕ್ಕೆ ಹೋಗುವಂತಿಲ್ಲ. ಐದನೆಯದರಲ್ಲಿ ಕಣ್ಣು ತಪ್ಪುತ್ತದೆ.

ನೂರಾ ನಲವತ್ತಮೂರನೆಯದು ಒಂದು ಚಿಕ್ಕ ಪ್ರೋಗ್ರಾಮು. ಕನ್ನಡ ಅಕ್ಷರಗಳನ್ನು ಗೆರೆಗಳನ್ನಾಗಿ ಮಾಡಿ, ಮರ ಕೊರೆಯುವ ಯಂತ್ರವೊಂದಕ್ಕೆ ಕೇಬಲ್ಲಿನ ಮೂಲಕ ಕಳುಹಿಸುತ್ತಿತ್ತು. ಬರೆದವರು ಪಾಲಿಟೆಕ್ನಿಕ್ ಒಂದರ ಉಪನ್ಯಾಸಕರು. ಅವರಿಗೆ ಕಳುಹಿಸಿದ ಪತ್ರ ವಾಪಸು ಬಂತು. ಇಳಿಸಿಕೊಂಡವರ ಲೆಕ್ಕ ಸೊನ್ನೆ. ಮೂವತ್ತು ದಿನ ಕಾದೆ. ಮೂವತ್ತೊಂದನೆಯ ದಿನ ಬೆಳಿಗ್ಗೆ ಆರು ಹತ್ತಕ್ಕೆ ತೆಗೆದೆ. ಅದಾದ ಮೇಲೆ ಅವತ್ತು ಇನ್ನೂ ಮೂರು ತೆಗೆದೆ.

ಏಳು ವಾರಗಳ ನಂತರ ಒಂದು ಮಂಗಳವಾರ ಚನ್ನಪಟ್ಟಣದಿಂದ ಫೋನು ಬಂತು. ಮಾತಾಡಿದವರು ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವರು. ಕಚೇರಿಗಳು ಬಿಟ್ಟ ಹಳೆಯ ಕಂಪ್ಯೂಟರುಗಳನ್ನು ಕೊಂಡು, ಒರೆಸಿ, ನಮ್ಮ ವ್ಯವಸ್ಥೆ ಹಾಕಿ, ಸುತ್ತಲಿನ ತಾಲ್ಲೂಕುಗಳಲ್ಲಿ ಟೈಲರುಗಳಿಗೆ, ಸೊಸೈಟಿಗಳಿಗೆ, ಜೆರಾಕ್ಸ್ ಅಂಗಡಿಗಳಿಗೆ ಕೊಡುತ್ತಾರೆ. ನಮ್ಮ ಪ್ರಚಾರವೆಲ್ಲ ಅವರೊಬ್ಬರೇ ಎಂದರೂ ತಪ್ಪಿಲ್ಲ.

"ಮೇಡಂ, ಆ ಅಕ್ಸರ ಕೊರಿಯೋದು ಎಲ್ಲೋಯ್ತು?"

"ತೆಗೆದಿದ್ದೇವೆ. ಮೂವತ್ತು ದಿನ ನೋಟಿಸ್ ಕೊಟ್ಟೆವು, ಬಳಸುವವರು ಯಾರೂ ಇರಲಿಲ್ಲ."

"ಯಾರಂದ್ರು ಇರ್ಲಿಲ್ಲ ಅಂತ? ಇಲ್ಲಿ ಬೊಂಬೆ ಸಾಬ್ರು ನನ್ನ ಅಂಗಡಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತ್ಬುಟ್ಟವ್ರೆ. ಅವರ ಕಂಪ್ಯೂಟರ್ ಸತ್ತೋಯ್ತು. ಬ್ಯಾರೆ ಕೊಟ್ಟೆ. ಎಲ್ಲಾ ಹಾಕ್ದೆ, ಅದೊಂದು ಸಿಗ್ತಿಲ್ಲ."

"ನಿಮ್ಮ ಹತ್ತಿರ ಭಂಡಾರದ ಪೂರ್ತಿ ನಕಲಿದೆಯಲ್ಲ. ಅದರಲ್ಲಿ ನೋಡಿ."

"ನೀವು ಅಲ್ಲಿ ಕಿತ್ತಾಕುದ್ರೆ ನಂದ್ರಲ್ಲೂ ಕಿತ್ತೋಯ್ತದೆ ಕಣಮ್ಮ. ಹಂಗೇ ಮಾಡಿಕೊಟ್ಟೋರು ನೀವೇ ಅಲ್ವ?"

ಹೌದು, ನಾನೇ. ಹಳ್ಳಿಗಳಲ್ಲಿ ಇಂಟರ್ನೆಟ್ಟು ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಾಗಾಗಿ ಅವರು ಭಂಡಾರದ ನಕಲನ್ನು ಅಂಗಡಿಯ ಡಿಸ್ಕಿನಲ್ಲಿ ಇಟ್ಟುಕೊಂಡು, ಅದರಿಂದಲೇ ಎಲ್ಲರಿಗೂ ಹಾಕಿಕೊಡುತ್ತಿದ್ದರು. ಆ ನಕಲು ಪ್ರತಿ ಭಾನುವಾರ ನಮ್ಮ ಮೂಲದ ಜೊತೆ ತಾನೇ ತಾಳೆ ನೋಡಿಕೊಂಡು, ಹೊಸದನ್ನು ಎಳೆದುಕೊಂಡು, ಮೂಲದಲ್ಲಿ ಇಲ್ಲದ್ದನ್ನು ಅಳಿಸುವಂತೆ ಎರಡು ವರ್ಷದ ಹಿಂದೆ ನಾನೇ ಹೊಂದಿಸಿಕೊಟ್ಟಿದ್ದೆ. ಕಸ ಉಳಿಯಬಾರದು ಎಂದು.

ಫೋನು ಇಟ್ಟ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಅದು ಮೊದಲಿನದಕ್ಕಿಂತ ಕೆಟ್ಟದ್ದು. ತಾಳೆ ನೋಡುವ ಆ ವ್ಯವಸ್ಥೆ ಬದಲಾಗದ ಕಡತವನ್ನು ಎರಡನೇ ಸಲ ಎಳೆಯುವುದಿಲ್ಲ. ಈ ಪ್ಯಾಕೇಜು ವರ್ಷಗಳಿಂದ ಬದಲಾಗಿರಲಿಲ್ಲ. ಅಂದರೆ ಅಂಗಡಿಯವರು ಅದನ್ನು ಎಷ್ಟು ಜನರಿಗೆ ಹಾಕಿಕೊಟ್ಟರೂ ನಮ್ಮ ಲೆಕ್ಕದಲ್ಲಿ ಸೊನ್ನೆಯೇ. ಹಾಗೆಯೇ ಅವರು ನೋಡಿಕೊಳ್ಳುತ್ತಿದ್ದ ಯಾವ ಕಂಪ್ಯೂಟರೂ ನನ್ನ ಲೆಕ್ಕದೊಳಗೆ ಬಂದಿರಲೇ ಇಲ್ಲ. ಅದುವರೆಗೆ ತೆಗೆದ ಅಷ್ಟೂ ಪ್ಯಾಕೇಜುಗಳ ಮುಂದೆ 'ಬಳಸುವವರಿಲ್ಲ' ಎಂದು ನಾನು ಬರೆದದ್ದು ಆ ಲೆಕ್ಕವನ್ನು ನಂಬಿ.

ಅವತ್ತೇ ಹತ್ತರ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋದೆ. ಅಂಗಡಿಯವರು ಬೊಂಬೆ ಮಾಡುವವರ ಕಾರ್ಖಾನೆಗೆ ಕರೆದುಕೊಂಡು ಹೋದರು. ಕಾರ್ಖಾನೆಯೆಂದರೆ ಉದ್ದನೆಯ ಒಂದು ಹೆಂಚಿನ ಶೆಡ್ಡು. ಸಾಲಾಗಿ ಎಂಟು ಲೇತುಗಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸುತ್ತಿದ್ದರು. ಯಜಮಾನರು ನನ್ನ ವಯಸ್ಸಿನವರೇ. ಮೀಸೆಯ ಮೇಲೂ ಮರದ ಪುಡಿ.

"ಬನ್ನಿ ಮೇಡಂ. ಆ ಮಣೆ ಮ್ಯಾಲೆ ಬ್ಯಾಡ, ಅರಗು ಐತೆ, ಸೀರೆಗೆ ಮೆತ್ಕೊಂಡ್ರೆ ಬಿಡಲ್ಲ. ಇಲ್ಲಿ ಕೂತ್ಕೊಳಿ." ಕೂತೆ. "ನೀವೇನಾ ಹಳೇದೆಲ್ಲ ಕಿತ್ತಾಕೋರು?"

"ನಾನೇ."

"ನಾನೂ ಹಳಬನೇ. ನಂಗೂ ಒಂದು ನೋಟಿಸ್ ಕಳ್ಸಿಬಿಡಿ, ಮೂವತ್ತು ದಿನ ಟೈಮ್ ಕೊಟ್ಟು."

ಅಂಗಡಿಯವರು ನಕ್ಕರು. ನಾನು ನಗಲಿಲ್ಲ. ಯಜಮಾನರು ಹೇಳಿದ್ದು ಸರಿಯಾಗಿಯೇ ಇತ್ತು.

ಶೆಡ್ಡಿನ ಮೂಲೆಯಲ್ಲಿ ಆ ಯಂತ್ರವಿತ್ತು. ಮೇಜಿನಷ್ಟು ದೊಡ್ಡದು, ಎರಡು ಕಬ್ಬಿಣದ ಕಂಬಿಗಳ ಮೇಲೆ ಜಾರುವ ಒಂದು ಸೂಜಿ. ಪಾಲಿಟೆಕ್ನಿಕ್ಕಿನ ಆ ಉಪನ್ಯಾಸಕರು ಇದೇ ಶೆಡ್ಡಿನಲ್ಲಿ ಕೂತು ಅದನ್ನು ಜೋಡಿಸಿದ್ದರಂತೆ. ಅಕ್ಷರಗಳ ಗೆರೆಗಳನ್ನೂ ಅವರೇ ಬರೆದದ್ದು. ಸಾಮಾನ್ಯ ಫಾಂಟಿನಲ್ಲಿ ಅಕ್ಷರಕ್ಕೆ ದಪ್ಪವಿರುತ್ತದೆ, ಎರಡು ಅಂಚುಗಳಿರುತ್ತವೆ. ಸೂಜಿ ಆ ಎರಡೂ ಅಂಚುಗಳಲ್ಲಿ ಓಡಿದರೆ ನಡುವಿನ ಮರ ಸಿಬಿರೆದ್ದು ಬರುತ್ತದೆ. ಇವರು ಪ್ರತಿ ಅಕ್ಷರವನ್ನೂ, ಮಕ್ಕಳು ಬೆರಳಿನಿಂದ ತಿದ್ದುವ ಹಾಗೆ, ಒಂದೇ ಗೆರೆಯಲ್ಲಿ ಬರೆದಿದ್ದರು. ಆ ಗೆರೆಗಳು ಬೇರೆಲ್ಲೂ ಇಲ್ಲ. ಉಪನ್ಯಾಸಕರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಕನಕಪುರದ ಕಡೆ ಸಣ್ಣಮಕ್ಕಳ ಶಾಲೆ ನಡೆಸೋರು ಒಬ್ರು ಅವ್ರೆ," ಯಜಮಾನರು ಹೇಳಿದರು. "ವರ್ಷಾವರ್ಷ ನನ್ನತ್ರಾನೇ ಅಕ್ಸರದ ಬಿಲ್ಲೆ ತಗೊಳ್ಳೋದು, ಅದೇ ಅಕ್ಸರ ಕೊರ್ದ ಮರದ ತುಂಡು. ಈ ವರ್ಷ ಕೇಳವ್ರೆ, ಪ್ಲಾಸ್ಟಿಕ್ದು ಬತ್ತೈತೆ, ಅದಕ್ಕೇ ಹೋಗ್ಬಿಡನಾ ಅಂತ. ನಾನು ಅಂದೆ, ಈ ಸಲ ನೋಡಿ, ಆಮ್ಯಾಕೆ ಹೇಳಿ. ಶಾಲೆ ಸುರುವಾಗೋ ಹೊತ್ಗೆ ಕೊಡ್ಬೇಕು. ಇಪ್ಪತ್ನಾಲ್ಕು ದಿನ ಐತೆ. ಕೊರಿಯಾಕೇ ಹತ್ತು ದಿನ ಬೇಕು. ಈ ಸಲ ತಪ್ಪೋಯ್ತು ಅಂದ್ರೆ ಅಕ್ಸರದ ಕೆಲಸ ಮುಗೀತು ಮೇಡಂ. ಆಮೇಲೆ ಕೀ ಬಂಚು, ಬಳೆ ಅಷ್ಟೇ."

ಹದಿನಾಲ್ಕು ದಿನ ಎಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ.

ಮೊದಲು ನಾನು ಆರಿಸಿಕೊಂಡದ್ದು ಸುಲಭವೆಂದು ಕಂಡ ದಾರಿ: ತೆಗೆದದ್ದನ್ನು ಹಾಗೆಯೇ ವಾಪಸು ತರುವುದು. ಕಟ್ಟಿದ ಗಂಟು ಅಳಿದಿದ್ದರೂ ಮೂಲ ಬರಹ ನಮ್ಮ ದಾಖಲೆಯಲ್ಲಿತ್ತು. ಆದರೆ ಆ ಒಂದು ಪ್ಯಾಕೇಜು ನಿಲ್ಲಲು ಇನ್ನು ಹನ್ನೊಂದು ಬೇಕಿದ್ದವು. ಎಲ್ಲವನ್ನೂ ನಾನೇ ಸಾಲಾಗಿ ತೆಗೆದುಹಾಕಿದ್ದೆ. ಒಂದೊಂದಾಗಿ ಕಟ್ಟತೊಡಗಿದೆ. ಎರಡು ದಿನದಲ್ಲಿ ಹತ್ತನ್ನು ಕಟ್ಟಿ ಮುಗಿಸಿದೆ. ಹನ್ನೊಂದನೆಯದು ಪರದೆಯ ಮೇಲೆ ಕಿಟಕಿ, ಗುಂಡಿ ಬಿಡಿಸುವ ಹಳೆಯ ಸಾಮಗ್ರಿ. ಅದು ಹೊಸ ವ್ಯವಸ್ಥೆಯಲ್ಲಿ ಕಟ್ಟಲು ಒಪ್ಪಲಿಲ್ಲ. ಒಂದು ದೋಷ ತಿದ್ದಿದರೆ ಅದರ ಹಿಂದೆ ನಲವತ್ತು ಬರುತ್ತಿದ್ದವು. ಅದಕ್ಕೇ ಇನ್ನೆರಡು ದಿನ ಹೋಯಿತು. ಹಳೆಯ ಬಿಡುಗಡೆಯನ್ನೇ ಪೂರ್ತಿ ಹಾಕೋಣವೆಂದು ಅಂಗಡಿಯವರು ಹೇಳಿದರು. ಹಾಕಿ ನೋಡಿದರೆ ಯಜಮಾನರಿಗೆ ಕೊಟ್ಟಿದ್ದ ಕಂಪ್ಯೂಟರಿನಲ್ಲಿ ಅದು ಶುರುವೇ ಆಗಲಿಲ್ಲ. ಹಳೆಯ ಕಂಪ್ಯೂಟರುಗಳು ಅಂಗಡಿಯವರ ಬಳಿ ಇದ್ದವು, ಆದರೆ ಕೊರೆಯುವ ಯಂತ್ರದ ಕೇಬಲ್ಲಿಗೆ ಬೇಕಾದ ಕಿಂಡಿ ಯಾವುದರಲ್ಲೂ ಸರಿಯಿರಲಿಲ್ಲ.

ಐದನೆಯ ದಿನ ಶನಿವಾರ. ಬಿಡುಗಡೆಯ ಹೊಣೆ ಹೊತ್ತಿರುವ ನಮ್ಮ ಸಂಯೋಜಕರನ್ನು ಬಿಡದಿಯಲ್ಲಿ ಭೇಟಿಯಾದೆ. ಅವರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವರು. ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ತಟ್ಟೆ ಇಡ್ಲಿ ಹೋಟೆಲಿಗೆ ಬಂದರು. ನಡೆದದ್ದನ್ನೆಲ್ಲ ಹೇಳಿದೆ.

"ಮೇಡಂ, ಒಬ್ಬರಿಗೋಸ್ಕರ ಬಿಡುಗಡೆ ನಿಲ್ಲಿಸಕ್ಕಾಗಲ್ಲ," ಎಂದರು. "ನಾವೇ ಮಾಡ್ಕೊಂಡ ರೂಲ್ ಅಲ್ವ? ನೀವೇ ಬರ್ದಿದ್ದು. ಎಲ್ಲಾ ಸ್ಟೆಪ್ಪೂ ಫಾಲೋ ಮಾಡಿದೀರ."

"ಒಂದು ಹೆಜ್ಜೆ ಬಿಟ್ಟಿದ್ದೇನೆ."

"ಯಾವುದು?"

ನಾನು ಹೇಳಿದೆ. ವಿನಿಮಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಸತ್ತ ಲೈನುಗಳನ್ನು ಬಿಡಿಸುತ್ತಿದ್ದೆವು. ತಿಂಗಳುಗಟ್ಟಲೆ ಕರೆ ಹೋಗದ, ಬಾರದ ಲೈನುಗಳ ಪಟ್ಟಿ ಮೇಜಿಗೆ ಬರುತ್ತಿತ್ತು. ಆದರೆ ಪಟ್ಟಿಯಲ್ಲಿ ಹೆಸರಿದೆ ಎಂದು ಯಾರೂ ತಂತಿ ಎಳೆಯುವಂತಿರಲಿಲ್ಲ. ಮೊದಲು ಆ ಲೈನಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಗಂಟೆ ಬಾರಿಸಬೇಕು. ಯಾರೂ ಎತ್ತದಿದ್ದರೆ ಲೈನ್‌ಮನ್ ಸೈಕಲ್ಲಿನಲ್ಲಿ ಮನೆಗೆ ಹೋಗಿ ನೋಡಿ ಸಹಿ ತರಬೇಕು. ಆ ಸಹಿ ಬಂದ ಮೇಲೆ ಮಾತ್ರ ತಂತಿ ಬಿಡಿಸುವುದು. ಮಾಗಡಿಯಲ್ಲಿ ಒಮ್ಮೆ ಹಾಗೆ ನೋಡಿಬಂದವನು, "ಮೇಡಂ, ಅಜ್ಜಿಗೆ ಕಿವಿ ಕೇಳಲ್ಲ, ಮಗ ಬಂದಾಗ ಮಾತ್ರ ಫೋನ್ ಬೇಕಂತೆ," ಎಂದು ಬರೆದುಕೊಂಡು ಬಂದಿದ್ದ. ಆ ಲೈನನ್ನು ಉಳಿಸಿದೆವು.

"ಚರ್ಚಾ ಪಟ್ಟಿಗೆ ನಾನು ಪತ್ರ ಹಾಕಿದೆ," ಎಂದೆ. "ಆ ಪಟ್ಟಿಯಲ್ಲಿ ಇರುವವರು ಪ್ಯಾಕೇಜು ಕಟ್ಟುವವರು. ಬಳಸುವವರು ಒಬ್ಬರೂ ಅದರಲ್ಲಿ ಇಲ್ಲ. ಗಂಟೆಯನ್ನು ನಮ್ಮ ಕೋಣೆಯಲ್ಲೇ ಬಾರಿಸಿಕೊಂಡು, ಅವರು ಎತ್ತಲಿಲ್ಲ ಎಂದು ಬರೆದುಕೊಂಡೆವು."

ಸಂಯೋಜಕರು ಇಡ್ಲಿಯ ತಟ್ಟೆ ಪಕ್ಕಕ್ಕೆ ಸರಿಸಿದರು. "ಸರಿ, ಈಗೇನ್ಮಾಡ್ತೀರ? ಹನ್ನೊಂದನ್ನೂ ವಾಪಸ್ ತಂದ್ರೆ ಪೈಥಾನ್ ಎರಡನೇ ಸರಣೀನೂ ವಾಪಸ್ ಬರುತ್ತೆ. ತೂತು ಮಡಕೆ ಅದು. ಅದನ್ನ ಇಟ್ಕೊಂಡು ನಾನು ಬಿಡುಗಡೆ ಮಾಡಲ್ಲ."

"ಬೇಡ. ವಾಪಸು ತರುವುದನ್ನು ಇವತ್ತಿಗೆ ನಿಲ್ಲಿಸುತ್ತೇನೆ. ಆ ಪ್ರೋಗ್ರಾಮನ್ನು ನಾನೇ ಮೂರನೇ ಸರಣಿಗೆ ಬದಲಾಯಿಸುತ್ತೇನೆ. ಕಿಟಕಿ, ಗುಂಡಿ ಎಲ್ಲ ತೆಗೆದುಬಿಡುತ್ತೇನೆ. ಅಕ್ಷರ ಬರೆದ ಒಂದು ಕಡತ ಕೊಟ್ಟರೆ ಸಾಕು, ಯಂತ್ರ ಓಡಬೇಕು."

"ಆಮೇಲೆ ಅದನ್ನ ಯಾರು ನೋಡ್ಕೋತಾರೆ?"

ಭಂಡಾರ ಶುಚಿ ಮಾಡುವವರು ಯಾವ ಪ್ಯಾಕೇಜನ್ನೂ ಸ್ವಂತಕ್ಕೆ ಇಟ್ಟುಕೊಳ್ಳಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಇಟ್ಟುಕೊಂಡರೆ ಉಳಿದವರದ್ದನ್ನು ತೆಗೆಯುವಾಗ ಕೈ ನೇರವಾಗಿರುವುದಿಲ್ಲ. ಅದು ಈಗಲೂ ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ. ಆದರೂ ಅವತ್ತು, "ನನ್ನ ಹೆಸರು ಹಾಕಿ," ಎಂದೆ.

ಉಳಿದಿದ್ದದ್ದು ಒಂಬತ್ತು ದಿನ. ಸಾವಿರದ ಇನ್ನೂರು ಸಾಲಿನ ಪ್ರೋಗ್ರಾಮು. ದಿನಕ್ಕೆ ಇನ್ನೂರ ಐವತ್ತು ಸಾಲು ಎಂದು ಹಂಚಿದೆ. ಎಂಟೂವರೆಗೆ ಬಟ್ಟೆ ಹೊದಿಸುವ ಪದ್ಧತಿಯನ್ನು ಆ ವಾರದ ಮಟ್ಟಿಗೆ ಹನ್ನೊಂದಕ್ಕೆ ಮುಂದೂಡಿದೆ. ಮೂಲ ಬರಹ ಅಚ್ಚುಕಟ್ಟಾಗಿತ್ತು. ಉಪನ್ಯಾಸಕರು ಪ್ರತಿ ಅಕ್ಷರದ ಮೇಲೂ ಒಂದು ಸಾಲು ಟಿಪ್ಪಣಿ ಬರೆದಿದ್ದರು: 'ಇಲ್ಲಿ ಸೂಜಿ ಎತ್ತಬೇಡಿ', 'ಈ ತಿರುವಿನಲ್ಲಿ ನಿಧಾನ, ಮರ ಸೀಳುತ್ತದೆ'. ಅವರನ್ನು ನಾನು ನೋಡಿದವಳಲ್ಲ. ಅಳಿಸುವ ಮುಂಚೆ ಆ ಟಿಪ್ಪಣಿಗಳನ್ನು ಓದಿಯೂ ಇರಲಿಲ್ಲ. ಓದಿದ್ದರೆ ಮರದ ಪುಡಿಯ ನಡುವೆ ಕೂತು ಬರೆದದ್ದೆಂದು ಯಾರಿಗಾದರೂ ತಿಳಿಯುತ್ತಿತ್ತು.

ಹತ್ತನೆಯ ದಿನ ಗುರುವಾರ ಪೆನ್‌ಡ್ರೈವ್ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅಂಗಡಿಯವರೂ ಬಂದರು. ಹಾಕಿ ಓಡಿಸಿದೆ. ಪರದೆಯ ಮೇಲೆ ದೋಷವೊಂದು ಬಂದು ನಿಂತಿತು. ಯಂತ್ರ ಅಲುಗಾಡಲಿಲ್ಲ.

"ಮುನಿಸ್ಕೊಂಡೈತೆ," ಎಂದರು ಯಜಮಾನರು.

ಅದು ಗೊತ್ತಿರುವ ತೊಡಕೇ. ಹಳೆಯ ಸರಣಿಯಲ್ಲಿ ಬರಹವನ್ನು ಹಾಗೆಯೇ ಕೇಬಲ್ಲಿಗೆ ಸುರಿಯಬಹುದಿತ್ತು. ಹೊಸದರಲ್ಲಿ ಬರಹವನ್ನು ಮೊದಲು ಬೈಟುಗಳನ್ನಾಗಿ ಬದಲಾಯಿಸಬೇಕು. ಒಂದು ಕಡೆ ಬಿಟ್ಟುಹೋಗಿತ್ತು. ಅಲ್ಲೇ ಕೂತು ತಿದ್ದಿದೆ. ಎರಡನೇ ಸಲಕ್ಕೆ ಸೂಜಿ ಎದ್ದು, ಜಾರಿ, ಮರಕ್ಕೆ ಇಳಿಯಿತು. 'ಅ' ಬಂತು. ಆಮೇಲೆ 'ಆ', 'ಇ', 'ಈ'. 'ಳ'ವರೆಗೆ ಎಲ್ಲ ಕೊರೆಸಿ, ಒಂದೊಂದು ಬಿಲ್ಲೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಯಜಮಾನರು ಎಲ್ಲರಿಗೂ ಚಹ ತರಿಸಿದರು. ಅಂಗಡಿಯವರು, "ಮೇಡಂ ಪಾಸ್ ಆದ್ರು ಕಣ್ಲಾ!" ಎಂದು ಲೇತಿನಲ್ಲಿದ್ದವರಿಗೆ ಕೂಗಿ ಹೇಳಿದರು. ನಾನು ಸಂಜೆಯ ಬಸ್ಸು ಹಿಡಿದೆ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಯಜಮಾನರ ಫೋನು.

"ಮೇಡಂ, ಒತ್ತಕ್ಸರ ಹಾಕ್ದೆ. ಮಿಷಿನ್ ಸಬ್ದ ಸರಿಗಿಲ್ಲ."

"ಶಬ್ದವೇ? ಅಕ್ಷರ ಹೇಗಿದೆ?"

"ಅಕ್ಸರ ನೋಡೋವರ್ಗೂ ನಾನು ಬಿಡ್ಲೇ ಇಲ್ಲ, ಸಬ್ದ ಕೇಳ್ದೋನೇ ಸ್ವಿಚ್ ಆಫ್ ಮಾಡ್ಬಿಟ್ಟೆ. ನಂ ಮಿಷಿನ್ ಹಾಡ್ತೈತೆ ಮೇಡಂ, ಒಂದೊಂದು ಅಕ್ಸರಕ್ಕೆ ಒಂದೊಂದು ಥರ. ಇವತ್ತು ಬಿಕ್ಕಳಿಸ್ತೈತೆ."

ಒತ್ತಕ್ಷರಗಳನ್ನು ನಾನು ಪರೀಕ್ಷಿಸಿರಲಿಲ್ಲ. ಬಿಡಿ ಅಕ್ಷರಗಳೆಲ್ಲ ಸರಿ ಬಂದ ಮೇಲೆ ಉಳಿದದ್ದು ಸರಿಯಿರಲೇಬೇಕು ಎಂದುಕೊಂಡಿದ್ದೆ. ಕೆಲಸದಲ್ಲಿದ್ದಾಗ ನನ್ನ ಕೈಕೆಳಗಿನವರು ಹೀಗೆ ಮಾಡಿದ್ದರೆ ಎದುರಿಗೆ ನಿಲ್ಲಿಸಿ ಕೇಳುತ್ತಿದ್ದೆ.

ಒಂಬತ್ತಕ್ಕೆ ಶೆಡ್ಡಿನಲ್ಲಿದ್ದೆ. ಯಂತ್ರ ಓಡಿಸಲು ಹೇಳಿದೆ. ಮೊದಲ ಒತ್ತಕ್ಷರ ಸರಿಯಾಗಿ ಬಂತು, ಎರಡನೆಯದೂ ಬಂತು. ಮೂರನೆಯದರಲ್ಲಿ ಸೂಜಿ ಒಂದೇ ಕಡೆ ನಿಂತು ನಡುಗಿ, ಅಡ್ಡಕ್ಕೆ ಹಾರಿ, ಮೇಲಿನ ಅಕ್ಷರವನ್ನೇ ಸೀಳಿಕೊಂಡು ಹೋಯಿತು. ಎಂಟು ಬಿಲ್ಲೆ ಕೊರೆಸಿದೆವು. ಮೂರು ಕೆಟ್ಟವು, ಐದು ಸರಿ. ಯಾವ ಮೂರು ಎಂಬುದರಲ್ಲಿ ಕ್ರಮವೇ ಕಾಣಲಿಲ್ಲ.

ಕ್ರಮ ಕಾಣದಿದ್ದಾಗ ಪಟ್ಟಿ ಮಾಡಬೇಕು. ಪ್ರೋಗ್ರಾಮು ಯಂತ್ರಕ್ಕೆ ಕಳುಹಿಸುವ ಸಂಖ್ಯೆಗಳನ್ನೆಲ್ಲ ಕಾಗದದ ಮೇಲೆ ಇಳಿಸಿದೆ. ಯಜಮಾನರು ಕಣ್ಣು ಮುಚ್ಚಿ ಯಂತ್ರದ ಪಕ್ಕ ನಿಂತರು. ನಾನು ಒಂದೊಂದೇ ಸಾಲನ್ನು ಕಳುಹಿಸುತ್ತಾ ಹೋದೆ.

"ಸರಿ... ಸರಿ... ಸರಿ... ಅಲ್ಲೇ! ಬಿಕ್ಕಳಿಸ್ತು."

ಆ ಸಾಲಿಗೆ ಗುರುತು ಹಾಕಿದೆ. ಹೀಗೆ ಏಳು ಸಾಲುಗಳಿಗೆ ಗುರುತು ಬಿತ್ತು. ಏಳನ್ನೂ ನೋಡಿದರೆ ಎಲ್ಲದರಲ್ಲೂ ಒಂದು ದಶಮಾಂಶದ ಚುಕ್ಕೆ ಇತ್ತು: ಹದಿನೇಳೂವರೆ, ಒಂಬತ್ತೂವರೆ, ನಲವತ್ತೊಂದೂವರೆ.

ಒತ್ತಕ್ಷರವನ್ನು ಅರ್ಧ ಅಳತೆಗೆ ಕೊರೆಯಬೇಕು. ಹಾಗಾಗಿ ಪ್ರೋಗ್ರಾಮು ಒತ್ತಕ್ಷರದ ಸಂಖ್ಯೆಗಳನ್ನು ಮಾತ್ರ ಎರಡರಿಂದ ಭಾಗಿಸುತ್ತಿತ್ತು. ಹಳೆಯ ಸರಣಿಯಲ್ಲಿ ಮೂವತ್ತೈದನ್ನು ಎರಡರಿಂದ ಭಾಗಿಸಿದರೆ ಹದಿನೇಳು. ಉಳಿದ ಅರ್ಧವನ್ನು ಅದು ಬಿಟ್ಟುಬಿಡುತ್ತಿತ್ತು. ಹೊಸದರಲ್ಲಿ ಹದಿನೇಳೂವರೆ ಎಂದು ಸರಿಯಾದ ಉತ್ತರ ಬರುತ್ತದೆ. ಈ ಯಂತ್ರಕ್ಕೆ ಚುಕ್ಕೆ ಗೊತ್ತಿಲ್ಲ. ಚುಕ್ಕೆ ಕಂಡ ಕೂಡಲೇ ಅಲ್ಲಿಗೆ ಒಂದು ಸಂಖ್ಯೆ ಮುಗಿಯಿತೆಂದು, ಆಚೆಯ ಐದನ್ನು ಇನ್ನೊಂದು ಜಾಗವೆಂದುಕೊಂಡು ಅತ್ತ ಹಾರುತ್ತಿತ್ತು. ಚುಕ್ಕೆಯ ಆಚೆ ಸೊನ್ನೆಯಷ್ಟೇ ಇದ್ದರೆ ಪ್ರೋಗ್ರಾಮು ಅದನ್ನು ಬಿಟ್ಟು ಕಳುಹಿಸುತ್ತಿತ್ತು, ಹಾಗಾಗಿ ಸಮ ಸಂಖ್ಯೆಗಳಿರುವ ಅಕ್ಷರಗಳು ಪಾರಾಗುತ್ತಿದ್ದವು, ಬೆಸ ಸಂಖ್ಯೆ ಬಂದಲ್ಲಿ ಕೆಡುತ್ತಿತ್ತು. ಭಾಗಾಕಾರದ ಚಿಹ್ನೆಯ ಪಕ್ಕ ಇನ್ನೊಂದು ಗೀಟು ಹಾಕಿದರೆ ಹೊಸ ಸರಣಿಯೂ ಅರ್ಧವನ್ನು ಬಿಟ್ಟುಬಿಡುತ್ತದೆ. ಸಾವಿರದ ಇನ್ನೂರು ಸಾಲಿನಲ್ಲಿ ಅಂಥ ಜಾಗ ಎರಡೇ ಇದ್ದವು. ಎರಡೂ ಕಡೆ ಗೀಟು ಹಾಕಿದೆ.

ಈ ಸಲ ನಾನು ಯಾವುದನ್ನೂ ಬಿಡಲಿಲ್ಲ. ಒತ್ತಕ್ಷರದ ಪೂರ್ತಿ ಸರಣಿಯನ್ನು ರದ್ದಿ ಮರದ ಮೇಲೆ ಕೊರೆಸಿದೆ. ಯಜಮಾನರು ಬಿಲ್ಲೆಗಳ ಕಡೆ ನೋಡಲೇ ಇಲ್ಲ. ಲೇತಿನ ಹತ್ತಿರ ಹೋಗಿ, ಇನ್ನೊಬ್ಬರ ಕೈಯಿಂದ ಅರಗಿನ ಕಡ್ಡಿ ತೆಗೆದುಕೊಂಡು ತಮ್ಮ ಕೆಲಸ ಶುರುಮಾಡಿದರು. ಮಧ್ಯಾಹ್ನ ಎರಡರ ಹೊತ್ತಿಗೆ ಕೊನೆಯ ಅಕ್ಷರ ಮುಗಿಯಿತು. ನಾನು ಎದ್ದು, "ನೋಡಿ ಒಪ್ಪಿಗೆ ಹೇಳಿ," ಎಂದೆ.

"ನೋಡೋದೇನು ಮೇಡಂ. ಬೆಳಗ್ಗಿಂದ ಹಾಡ್ತಾ ಐತಲ್ಲ."

"ಆದರೂ ನೋಡಬೇಕು."

"ಪೋಸ್ಟ್ ಆಫೀಸ್ನೋರಿಗಿಂತ ಕಷ್ಟ ನೀವು," ಎಂದು ಗೊಣಗಿಕೊಂಡು ಬಂದರು. ಅಷ್ಟೂ ಬಿಲ್ಲೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಒಂದರ ಗೆರೆಯನ್ನು ಎರಡನೇ ಸಲ ಬೆರಳಿನಿಂದ ತಿದ್ದಿದರು. "ಮೇಷ್ಟ್ರು ಕೈ ಇದು," ಎಂದರು. ಉಪನ್ಯಾಸಕರ ಬಗ್ಗೆ ಹೇಳಿದ್ದು.

ಅವತ್ತು ಸಂಜೆಯೇ ಕೊರೆಯುವ ಕೆಲಸ ಶುರುವಾಯಿತು. ಇಪ್ಪತ್ತೆರಡನೆಯ ದಿನ ಬಿಲ್ಲೆಗಳು ಡಬ್ಬಿಗಳಲ್ಲಿ ಕನಕಪುರದ ಬಸ್ಸು ಹತ್ತಿದವು. ಮುಂದಿನ ವರ್ಷಕ್ಕೂ ಮರದ್ದೇ ಬೇಕು ಎಂದು ಶಾಲೆಯವರು ಹೇಳಿದ್ದು ನನಗೆ ತಿಳಿದದ್ದು ಅಂಗಡಿಯವರಿಂದ, ಎರಡು ತಿಂಗಳ ನಂತರ.

ನನಗೆ ಇನ್ನೂ ಕೆಲಸ ಉಳಿದಿತ್ತು. ತೆಗೆದ ಉಳಿದೆಲ್ಲ ಪ್ಯಾಕೇಜುಗಳ ಪಟ್ಟಿಯನ್ನು ಅಂಗಡಿಯವರ ಮುಂದಿಟ್ಟು ಒಂದೊಂದೇ ಹೆಸರು ಓದಿದೆ. ಎರಡು ಹೆಸರು ಬಂದಾಗ, ಬಳಸುವವರಿದ್ದಾರೆ ಎಂದು ಕೈ ಎತ್ತಿದರು. ಅವೆರಡಕ್ಕೂ ಬದಲಿ ಸಿಕ್ಕಿತು. ನಿಯಮಕ್ಕೆ ಎರಡು ಸೇರಿಸಿದೆವು. ತೆಗೆದ ಪ್ಯಾಕೇಜು ಒಂದು ವರ್ಷ 'ಅಟ್ಟ' ಎಂಬ ಬೇರೆ ಜಾಗದಲ್ಲಿರುತ್ತದೆ. ಬೇಕೆಂದವರು ಅಲ್ಲಿಂದ ಇಳಿಸಿಕೊಳ್ಳಬಹುದು. ಮತ್ತು ತೆಗೆಯುವುದಕ್ಕೆ ಮುಂಚಿನ ಬಿಡುಗಡೆಯಲ್ಲಿ ಆ ಪ್ರೋಗ್ರಾಮನ್ನು ತೆರೆದ ಕೂಡಲೇ ಪರದೆಯ ಮೇಲೆ ಕನ್ನಡದಲ್ಲಿ ಒಂದು ಸೂಚನೆ ಬರುತ್ತದೆ: ಇದನ್ನು ತೆಗೆಯಲಿದ್ದೇವೆ, ನಿಮಗೆ ಬೇಕಿದ್ದರೆ ಈ ಸಂಖ್ಯೆಗೆ ಕರೆ ಮಾಡಿ.

"ಫೋನ್ ನಂಬರಾ?" ಎಂದು ಸಂಯೋಜಕರು ಕೇಳಿದರು. "ಯಾರು ಹಾಕ್ತಾರೆ ಮೇಡಂ ಈ ಕಾಲ್ದಲ್ಲಿ? ಯಾರ್ದು ಹಾಕೋದು?"

ನನ್ನದೇ ಹಾಕಿದೆವು. ಈವರೆಗೆ ಆರು ಕರೆಗಳು ಬಂದಿವೆ. ಕುದೂರಿನ ಟೈಲರೊಬ್ಬರು ಬ್ಲೌಸಿನ ಅಳತೆ ಬರೆದಿಡುವ ಪ್ರೋಗ್ರಾಮು ತೆಗೆಯಬೇಡಿ ಎಂದರು, ಅದು ಉಳಿದಿದೆ. ಕೋಡಿಹಳ್ಳಿಯಿಂದ ಕರೆ ಮಾಡಿದವರು ಮನೆಯ ಕರೆಂಟು ಹೋಗಿದೆ, ಯಾವಾಗ ಬರುತ್ತದೆ ಎಂದು ಕೇಳಿದರು. ಅವರಿಗೆ ಸರಿಯಾದ ಸಂಖ್ಯೆ ಹುಡುಕಿ ಕೊಟ್ಟೆ.

ಪೈಥಾನ್ ಎರಡನೇ ಸರಣಿ ನಿಗದಿಯ ದಿನವೇ ಭಂಡಾರದಿಂದ ಹೋಯಿತು. ಬಿಡುಗಡೆ ತಡವಾಗಲಿಲ್ಲ.

ಅಕ್ಷರ ಕೊರೆಯುವ ಪ್ಯಾಕೇಜಿನಲ್ಲಿ 'ನೋಡಿಕೊಳ್ಳುವವರು' ಎಂಬ ಜಾಗದಲ್ಲಿ ಈಗ ನನ್ನ ಹೆಸರಿದೆ. ಅದಕ್ಕೂ ಒಂದು ಕ್ರಮ ಮಾಡಿಕೊಂಡಿದ್ದೇನೆ. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಯಜಮಾನರಿಗೆ ಫೋನು ಮಾಡುತ್ತೇನೆ. ಮೊದಲೆರಡು ತಿಂಗಳು ಅವರು ಎತ್ತಿ, ಕ್ಷೇಮ ವಿಚಾರಿಸಿ, ಯಂತ್ರ ಚೆನ್ನಾಗಿದೆ ಎಂದು ಹೇಳಿ ಇಡುತ್ತಿದ್ದರು. ಈಗ ಹಲೋ ಎನ್ನುವುದೂ ಇಲ್ಲ. ಎತ್ತಿದ ಕೂಡಲೇ ಫೋನನ್ನು ಯಂತ್ರದ ಹತ್ತಿರ ಹಿಡಿಯುತ್ತಾರೆ. ಲೇತುಗಳ ಗದ್ದಲದ ನಡುವೆ ಸೂಜಿ ಓಡುವ ಶಬ್ದ ಕೇಳುತ್ತದೆ. ಕಿವಿಗೊಟ್ಟು ಕೇಳುತ್ತೇನೆ. ಯಾವ ಅಕ್ಷರ ಎಂದು ಹೇಳುವಷ್ಟು ನನ್ನ ಕಿವಿ ಇನ್ನೂ ಪಳಗಿಲ್ಲ. ಆದರೆ ಬಿಕ್ಕಳಿಕೆ ಇಲ್ಲ ಎಂಬುದು ತಿಳಿಯುತ್ತದೆ.

ಒಂದು ನಿಮಿಷ ಕೇಳಿ ಫೋನು ಇಡುತ್ತೇನೆ. ನೋಟ್‌ಪುಸ್ತಕದಲ್ಲಿ ನೂರಾ ನಲವತ್ತಮೂರನೆಯ ಸಾಲು ತೆಗೆದು, ಹೊಡೆದುಹಾಕಿದ ಮೂರನೇ ಟಿಪ್ಪಣಿಯ ಪಕ್ಕ ಆ ದಿನದ ತಾರೀಖು ಬರೆಯುತ್ತೇನೆ. ಆ ಸಾಲಿನಲ್ಲಿ ಜಾಗ ಮುಗಿದು, ತಾರೀಖುಗಳು ಈಗ ಅಂಚಿಗೆ ಇಳಿದಿವೆ.